ಔಷಧಿ ಚೀಟಿಯ ಮೇಲಿನ ಆ ನಂಬರ್ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಹೇಗೆ?

ನಮ್ಮ ಅಕ್ಕನ ಮಗಳು ಎಂಬಿಬಿಎಸ್ ಮುಗಿಸಿ, ಒಂದು ವರ್ಷದ ಇಂಟರ್ನ್‌ಶಿಪ್ಪೂ ಮುಗಿಸಿ, ಈಗ ದಾವಣಗೆರೆಯಲ್ಲೇ ಸಂಜೆ ಹೊತ್ತು ಒಂದು ಸಣ್ಣ ಕ್ಲಿನಿಕ್ ಶುರು ಮಾಡುವ ತಯಾರಿಯಲ್ಲಿದ್ದಾಳೆ. ಹೋದ ತಿಂಗಳು ಔಷಧಿ ಬರೆದುಕೊಡುವ ಚೀಟಿ ಪ್ರಿಂಟ್ ಹಾಕಿಸಿದಳು. ಬಂಡಲ್ ಬಿಚ್ಚಿ ನೋಡಿದರೆ ಹೆಸರಿದೆ, ಡಿಗ್ರಿ ಇದೆ, ಫೋನ್ ನಂಬರ್ ಇದೆ. ಕೆಎಂಸಿ ನಂಬರ್ ಮಾತ್ರ ಬಿಟ್ಟುಹೋಗಿದೆ. "ಇರಲಿ ಬಿಡೇ, ಪೆನ್ನಲ್ಲಿ ಬರ್ಕೊಂಡ್ರಾಯ್ತು" ಅಂದೆ ನಾನು. ಅವಳು ಒಪ್ಪಲಿಲ್ಲ. "ಆ ನಂಬರ್ ಇಲ್ದಿದ್ರೆ ಇದು ಬರೀ ಕಾಗದ ಚಿಕ್ಕಮ್ಮ" ಅಂತ ಇಡೀ ಬಂಡಲನ್ನೇ ವಾಪಸ್ ಕಳಿಸಿದಳು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಡಾಕ್ಟರ ಹತ್ತಿರ ಹೋದಾಗ ಚೀಟಿಯಲ್ಲಿ ಮಾತ್ರೆ ಹೆಸರು ಓದಲು ಒದ್ದಾಡಿದ್ದೇನೆಯೇ ಹೊರತು, ಮೂಲೆಯ ಆ ನಂಬರನ್ನು ಒಮ್ಮೆಯೂ ನೋಡಿರಲಿಲ್ಲ. ಅವತ್ತು ಕುಳಿತು ನೋಡಿದೆ. ಕೆಎಂಸಿ ಅಂದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಅಲ್ಲಿ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿ ಹೆಸರು ಸೇರಿದ ಮೇಲೆಯೇ ಒಬ್ಬರು ಕಾನೂನಿನ ಕಣ್ಣಲ್ಲಿ ಡಾಕ್ಟರ್. ಕಾಲೇಜು ಓದಿಸಬಹುದು, ವಿಶ್ವವಿದ್ಯಾಲಯ ಡಿಗ್ರಿ ಕೊಡಬಹುದು. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಕ್ಲಿನಿಕ್ಕಿಗೆ ಬೋರ್ಡು ಹಾಕುವ ಹಾಗಿಲ್ಲ.

ಮೊದಲ ಮಹಿಳಾ ಡಾಕ್ಟರುಗಳ ಬಗ್ಗೆ ನಾವು ಶಾಲೆಯಲ್ಲಿ ಹೇಳುವಾಗ, "ಸಮಾಜದ ವಿರೋಧ ಎದುರಿಸಿ ಓದಿ ಡಾಕ್ಟರಾದರು" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಹೇಳಿದ್ದೇನೆ. ಆದರೆ ವಿರೋಧ ಅನ್ನುವುದು ಗಾಳಿಯಲ್ಲಿ ಇರುವುದಿಲ್ಲ. ಅದು ಒಂದು ಅರ್ಜಿಯಲ್ಲಿ, ಒಂದು ನಿಯಮದಲ್ಲಿ, ಒಂದು ಸಹಿ ಹಾಕದೆ ಉಳಿದ ಕಾಗದದಲ್ಲಿ ಇರುತ್ತದೆ. ಹೆಣ್ಣುಮಕ್ಕಳನ್ನು ಎಲ್ಲಿ ತಡೆದರು, ಹೇಗೆ ತಡೆದರು, ಆ ಬೀಗ ಯಾವ ಕೀಲಿಯಿಂದ ತೆಗೆಯಿತು ಅನ್ನುವುದನ್ನು ಬಿಡಿಸಿ ಹೇಳಬೇಕು ಅನ್ನಿಸಿತು. ಅದಕ್ಕೆ ಎಲ್ಲರಿಗಿಂತ ಚೆನ್ನಾಗಿ ಹೊಂದುವ ಕಥೆ ಸೋಫಿಯಾ ಜೆಕ್ಸ್-ಬ್ಲೇಕ್ ಅವರದು. ಬ್ರಿಟನ್ನಿನವರು. ಹುಟ್ಟಿದ್ದು 1840ರಲ್ಲಿ, ತೀರಿಕೊಂಡಿದ್ದು 1912ರಲ್ಲಿ. ನಮ್ಮಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಆದರೆ ಅವರು ತೆಗೆಸಿದ ಬಾಗಿಲಿನಿಂದ ಒಳಗೆ ಹೋದವರಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳೂ ಇದ್ದಾರೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಡಾಕ್ಟರಾಗಲು ನಾಲ್ಕು ಬಾಗಿಲು ದಾಟಬೇಕು. ಕಾಲೇಜಿನಲ್ಲಿ ಸೀಟು ಸಿಗಬೇಕು. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳನ್ನು ನೋಡಿ ಕಲಿಯಬೇಕು. ಪರೀಕ್ಷೆಗೆ ಕೂರಿಸಬೇಕು. ಕೊನೆಗೆ ಪಟ್ಟಿಯಲ್ಲಿ ಹೆಸರು ಬರೆಯಬೇಕು. ನನ್ನ ಅಕ್ಕನ ಮಗಳೂ ಇದೇ ನಾಲ್ಕನ್ನು ದಾಟಿದ್ದು. ನೀಟ್ ಬರೆದು ಸೀಟು ಪಡೆದಳು, ವಾರ್ಡುಗಳಲ್ಲಿ ರಾತ್ರಿ ಡ್ಯೂಟಿ ಮಾಡಿದಳು, ಪರೀಕ್ಷೆ ಪಾಸಾದಳು, ನಂಬರ್ ಪಡೆದಳು. ತಡೆಯಬೇಕು ಅನ್ನುವವರು ನಾಲ್ಕನ್ನೂ ಮುಚ್ಚಬೇಕಾಗಿಲ್ಲ ಅಲ್ವಾ? ಒಂದು ಮುಚ್ಚಿದರೂ ಸಾಕು, ಉಳಿದ ಮೂರು ದಾಟಿದ್ದೆಲ್ಲ ವ್ಯರ್ಥ.

ಬ್ರಿಟನ್ನಿನಲ್ಲಿ ಈ ಪಟ್ಟಿ ಶುರುವಾಗಿದ್ದು 1858ರ ವೈದ್ಯಕೀಯ ಕಾಯ್ದೆಯಿಂದ. ಅದಕ್ಕೂ ಮುಂಚೆ ಓದಿದವರು, ಓದದವರು, ಬೇರು ಕೊಡುವವರು, ಹಲ್ಲು ಕೀಳುವವರು ಎಲ್ಲರೂ ವೈದ್ಯ ಮಾಡುತ್ತಿದ್ದರು. ಜನಕ್ಕೆ ಯಾರು ನಿಜವಾದ ಡಾಕ್ಟರ್ ಅಂತ ಗೊತ್ತಾಗಲಿ ಅಂತ ಪಟ್ಟಿ ಮಾಡಿದರು. ಉದ್ದೇಶ ಒಳ್ಳೆಯದೇ. ಪಟ್ಟಿಯಲ್ಲಿ ಇಲ್ಲದವರು ಸರ್ಕಾರಿ ಆಸ್ಪತ್ರೆಯ ಹುದ್ದೆ ಹಿಡಿಯುವಂತಿಲ್ಲ, ಕಾನೂನಿಗೆ ಬೇಕಾದ ಸರ್ಟಿಫಿಕೇಟಿಗೆ ಸಹಿ ಹಾಕುವಂತಿಲ್ಲ, ಫೀಸು ಕೊಡದ ರೋಗಿಯ ಮೇಲೆ ಕೋರ್ಟಿಗೆ ಹೋಗುವಂತಿಲ್ಲ. ಪಟ್ಟಿಗೆ ಸೇರಬೇಕಾದರೆ ಬ್ರಿಟನ್ನಿನ 19 ಸಂಸ್ಥೆಗಳಲ್ಲಿ ಯಾವುದಾದರೂ ಒಂದರ ಲೈಸೆನ್ಸ್ ಬೇಕು. ಪರದೇಶದ ಡಿಗ್ರಿ ನಡೆಯುವುದಿಲ್ಲ.

ಈ ಕಾಯ್ದೆಯಲ್ಲಿ ಹೆಂಗಸರು ಡಾಕ್ಟರಾಗಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯವೇ ಇರಲಿಲ್ಲ. 19 ಸಂಸ್ಥೆಗಳೂ ಗಂಡಸರದು. ಅವು ಹೆಂಗಸರನ್ನು ಪರೀಕ್ಷೆಗೆ ಕೂರಿಸದಿದ್ದರೆ ಆಯಿತು. ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳುವಾಗ ನಮ್ಮೂರ ಬಸ್ಸಿನ ಉದಾಹರಣೆ ಕೊಡುತ್ತೇನೆ. ಬಸ್ ಹತ್ತಬೇಡ ಅಂತ ಯಾರೂ ಹೇಳುವುದಿಲ್ಲ, ಆದರೆ ನೀನು ನಿಂತ ಸ್ಟಾಪಿನಲ್ಲಿ ಯಾವ ಬಸ್ಸೂ ನಿಲ್ಲುವುದಿಲ್ಲ. ಜಗಳೂರು ಕಡೆಯ ಹಳ್ಳಿಗಳಿಂದ ಬರುವ ಮಕ್ಕಳಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಆದರೂ ಇಬ್ಬರು ನುಸುಳಿದರು. ಮೊದಲನೆಯವರು ಎಲಿಜಬೆತ್ ಬ್ಲ್ಯಾಕ್‌ವೆಲ್. 1849ರಲ್ಲಿ ಅಮೆರಿಕದಲ್ಲಿ ಎಂಡಿ ಪಡೆದವರು. ಪರದೇಶದ ಡಿಗ್ರಿ ಇದ್ದು, 1858ರ ಅಕ್ಟೋಬರ್‌ಗೆ ಮುಂಚೆ ಬ್ರಿಟನ್ನಿನಲ್ಲಿ ವೈದ್ಯ ಮಾಡಿದವರನ್ನು ಸೇರಿಸಿಕೊಳ್ಳಬಹುದು ಅನ್ನುವ ಒಂದು ಕಲಮು ಇತ್ತು. ಅದರಡಿ 1859ರಲ್ಲಿ ಅವರ ಹೆಸರು ಪಟ್ಟಿಗೆ ಬಂತು. ಆ ಕಲಮು ಹಳೆಯವರಿಗೆ ಮಾತ್ರ, ಮುಂದೆ ಯಾರಿಗೂ ಸಿಗದು. ಎರಡನೆಯವರು ಎಲಿಜಬೆತ್ ಗ್ಯಾರೆಟ್. ಔಷಧಿಕಾರರ ಸಂಘ ಅಂತ ಒಂದು ಲೈಸೆನ್ಸ್ ಕೊಡುವ ಸಂಸ್ಥೆ ಇತ್ತು. ಅದರ ನಿಯಮದಲ್ಲಿ 'ಗಂಡಸರು' ಅಂತ ಇರಲಿಲ್ಲ, 'ವ್ಯಕ್ತಿಗಳು' ಅಂತ ಇತ್ತು. ಕಾನೂನಿನ ಪ್ರಕಾರ ಬೇಡ ಅನ್ನಲು ಆಗಲಿಲ್ಲ. ಗ್ಯಾರೆಟ್ ಖಾಸಗಿಯಾಗಿ ಪಾಠ ಹೇಳಿಸಿಕೊಂಡು 1865ರಲ್ಲಿ ಪಾಸಾದರು. ಅವರು ಪಾಸಾದ ಮೇಲೆ ಸಂಘದವರು ನಿಯಮವನ್ನೇ ಬದಲಿಸಿದರು. ಇನ್ನು ಮೇಲೆ ಖಾಸಗಿ ಪಾಠ ನಡೆಯುವುದಿಲ್ಲ, ಮೆಡಿಕಲ್ ಕಾಲೇಜಿನಲ್ಲೇ ಓದಿರಬೇಕು ಅಂದರು. ಮೆಡಿಕಲ್ ಕಾಲೇಜಿನವರು ಹೆಣ್ಣುಮಕ್ಕಳನ್ನು ಸೇರಿಸುತ್ತಿರಲಿಲ್ಲ.

ಚಿತ್ರದುರ್ಗದ ಕೋಟೆ ನೋಡಿದವರಿಗೆ ಓಬವ್ವನ ಕಿಂಡಿ ಗೊತ್ತಿರುತ್ತದೆ. ಒಬ್ಬೊಬ್ಬರೇ ಬಗ್ಗಿ ನುಸುಳಬೇಕಾದ ಸಂದು. ಹೈದರಾಲಿಯ ಸೈನ್ಯ ಎಷ್ಟು ದೊಡ್ಡದಿದ್ದರೇನು? ಆ ಕಿಂಡಿಯಲ್ಲಿ ಒಂದು ಸಲಕ್ಕೆ ಒಂದೇ ತಲೆ ಒಳಗೆ ಬರಬೇಕು. ಅದಕ್ಕೇ ಓಬವ್ವ ಒಂದು ಒನಕೆ ಹಿಡಿದು ಒಬ್ಬಳೇ ಎಲ್ಲರನ್ನೂ ತಡೆಯಲು ಆಯಿತು. ಇಲ್ಲಿ ನ್ಯಾಯ ಕೋಟೆಯ ಹೊರಗಿತ್ತು ಅನ್ನುವುದು ಬೇರೆ ಮಾತು. ಆದರೆ ಕಿಂಡಿಯ ಲೆಕ್ಕ ಮಾತ್ರ ಅದೇ. ಒಬ್ಬೊಬ್ಬರಾಗಿ ನುಸುಳಿದರೆ ಒಳಗಿರುವವರಿಗೆ ತಡೆಯುವುದು ಬಹಳ ಸುಲಭ. ಸೋಫಿಯಾ ಜೆಕ್ಸ್-ಬ್ಲೇಕ್ ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡಿದ್ದು ಇದನ್ನೇ.

ಅದೂ ಅವರಿಗೆ ಪೆಟ್ಟು ತಿಂದೇ ಗೊತ್ತಾಗಿದ್ದು. ಅವರ ಅಪ್ಪ ಸ್ಥಿತಿವಂತರು, ಮಗಳು ಸಂಬಳಕ್ಕೆ ದುಡಿಯುವುದು ಅವಮಾನ ಅಂದುಕೊಂಡಿದ್ದವರು. ಲಂಡನ್ನಿನ ಒಂದು ಕಾಲೇಜಿನಲ್ಲಿ ಮಗಳಿಗೆ ಗಣಿತ ಪಾಠ ಹೇಳುವ ಕೆಲಸ ಸಿಕ್ಕಾಗ, ಸಂಬಳ ಮುಟ್ಟಬಾರದು ಅನ್ನುವ ಕರಾರಿನ ಮೇಲೆ ಒಪ್ಪಿದರು. ಆಮೇಲೆ ಸೋಫಿಯಾ ಅಮೆರಿಕಕ್ಕೆ ಹೋದರು. ಬೋಸ್ಟನ್ ನಗರದಲ್ಲಿ ಹೆಂಗಸರೇ ನಡೆಸುವ ಒಂದು ಆಸ್ಪತ್ರೆಯಲ್ಲಿ ಲೂಸಿ ಸೀವಾಲ್ ಅನ್ನುವ ಡಾಕ್ಟರ ಜೊತೆ ಕೆಲಸ ಮಾಡಿದರು. ತಾನೂ ಡಾಕ್ಟರಾಗಬೇಕು ಅನ್ನಿಸಿದ್ದು ಅಲ್ಲೇ. ಅಪ್ಪ ತೀರಿಕೊಂಡ ಮೇಲೆ ತಾಯಿಗಾಗಿ ವಾಪಸ್ ಬಂದರು. 1869ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಬೋಧಕರಲ್ಲಿ ಹಲವರು ಒಪ್ಪಿದರು. ಆದರೆ ವಿಶ್ವವಿದ್ಯಾಲಯದ ಮೇಲಿನ ಸಮಿತಿ ಬೇಡ ಅಂದಿತು. ಕೊಟ್ಟ ಕಾರಣ, ಒಬ್ಬ ಮಹಿಳೆಗೋಸ್ಕರ ಬೇರೆ ವ್ಯವಸ್ಥೆ ಮಾಡಲು ಆಗುವುದಿಲ್ಲ ಅಂತ.

ಬೇರೆ ಯಾರಾದರೂ ಆಗಿದ್ದರೆ ಅತ್ತು ಮನೆಗೆ ಹೋಗುತ್ತಿದ್ದರೋ ಏನೋ. ಸೋಫಿಯಾ ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಿದರು. ಡಾಕ್ಟರಿಕೆ ಓದಬೇಕು ಅನ್ನುವ ಹೆಣ್ಣುಮಕ್ಕಳು ಬನ್ನಿ, ನನ್ನ ಜೊತೆ ಸೇರಿ ಅಂತ. ಬಂದರು. ಮೊದಲು ಐವರಾದರು, ಆಮೇಲೆ ಏಳು ಮಂದಿ. ಇಸಬೆಲ್ ಥಾರ್ನ್, ಎಡಿತ್ ಪೀಚಿ, ಮಟಿಲ್ಡಾ ಚಾಪ್ಲಿನ್, ಹೆಲೆನ್ ಇವಾನ್ಸ್, ಮೇರಿ ಆಂಡರ್ಸನ್, ಎಮಿಲಿ ಬೋವೆಲ್, ಜೊತೆಗೆ ಸೋಫಿಯಾ. ಎಡಿನ್‌ಬರೋ ಏಳ್ವರು ಅಂತಲೇ ಇವರು ಇತಿಹಾಸದಲ್ಲಿ ಉಳಿದಿದ್ದಾರೆ. ಆ ವರ್ಷದ ಪ್ರವೇಶ ಪರೀಕ್ಷೆಗೆ 152 ಮಂದಿ ಕೂತಿದ್ದರು. ಮೊದಲ ಏಳು ಸ್ಥಾನಗಳಲ್ಲಿ ನಾಲ್ಕು ಈ ಹೆಣ್ಣುಮಕ್ಕಳಿಗೆ ಬಂತು. 1869ರ ನವೆಂಬರ್‌ನಲ್ಲಿ ಅವರ ಹೆಸರು ದಾಖಲಾಯಿತು. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯ ಹೆಂಗಸರನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಂಡಿದ್ದು ಅದೇ ಮೊದಲು.

ಮೊದಲ ಬಾಗಿಲು ತೆರೆಯಿತಲ್ಲ, ಇನ್ನೇನು ಅನ್ನಿಸಬಹುದು. ಇಲ್ಲಿಂದಲೇ ವಿಷಯ ಜಟಿಲವಾಗುವುದು. ಸ್ವಲ್ಪ ನಿಧಾನವಾಗಿ ಓದಿ.

ವಿಶ್ವವಿದ್ಯಾಲಯ ಎರಡು ನಿಯಮ ಮಾಡಿತು. ಹೆಣ್ಣುಮಕ್ಕಳಿಗೆ ಬೇರೆ ಕ್ಲಾಸು ನಡೆಯಬೇಕು. ಹಾಗೆ ಪಾಠ ಹೇಳಲು ಬೋಧಕರಿಗೆ ಅನುಮತಿ ಇದೆ, ಆದರೆ ಕಡ್ಡಾಯ ಇಲ್ಲ. ಕೇಳಲು ಸೌಮ್ಯವಾಗಿದೆ ಅಲ್ವಾ? ಪರಿಣಾಮ ನೋಡಿ. ಡಿಗ್ರಿಗೆ ಬೇಕಾದ ಎಲ್ಲಾ ವಿಷಯದ ಕ್ಲಾಸಿನಲ್ಲೂ ಹಾಜರಿ ಇರಬೇಕು. ಹತ್ತು ಬೋಧಕರಲ್ಲಿ ಒಂಬತ್ತು ಮಂದಿ ಒಪ್ಪಿ ಒಬ್ಬರು ಪಾಠ ಮಾಡಲ್ಲ ಅಂದರೂ ಡಿಗ್ರಿ ಇಲ್ಲ. ಬೇರೆ ಕ್ಲಾಸು ಅಂದ ಮೇಲೆ ಅದರ ಖರ್ಚನ್ನೂ ಆ ಕೆಲವೇ ಮಂದಿ ಹೊರಬೇಕು, ಹಾಗಾಗಿ ಫೀಸೂ ಜಾಸ್ತಿ.

ಇನ್ನೊಂದು ಪ್ರಸಂಗ ನನಗೆ ಈಗಲೂ ಸಂಕಟ ತರುತ್ತದೆ. ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಮೊದಲ ಸಲ ಕೂತವರ ಪೈಕಿ ಎಡಿತ್ ಪೀಚಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದರು. ಹೆಚ್ಚು ಅಂಕ ತೆಗೆದವರಿಗೆ ಹೋಪ್ ವಿದ್ಯಾರ್ಥಿವೇತನ ಅಂತ ಒಂದಿತ್ತು. ಪ್ರೊಫೆಸರು ಅದನ್ನು ಅವರಿಗಿಂತ ಕಡಿಮೆ ಅಂಕ ಪಡೆದ ಹುಡುಗರಿಗೆ ಕೊಟ್ಟರು. ಕಾರಣ ಕೇಳಿದರೆ, ನೀವು ಬೇರೆ ಕ್ಲಾಸಿನಲ್ಲಿ ಓದಿದವರು, ಈ ಕ್ಲಾಸಿನವರಲ್ಲ ಅಂದರು. ಬೇರೆ ಕೂರಿಸಿದ್ದು ಯಾರು? ವಿಶ್ವವಿದ್ಯಾಲಯವೇ. ಪಾಠ ಹೇಳಿದ್ದು ಯಾರು? ಅದೇ ಪ್ರೊಫೆಸರು. ನಾನೂ ಮೇಷ್ಟರ ಕೆಲಸ ಮಾಡುವವಳು. ಮೊದಲು ಬಂದ ಹುಡುಗಿಗೆ ಬಹುಮಾನ ತಪ್ಪಿಸಿ ಆಮೇಲೆ ಅವಳ ಮುಖ ನೋಡುವುದು ಹೇಗೆ ಅಂತ ಎಷ್ಟು ಯೋಚಿಸಿದರೂ ನನಗೆ ತಿಳಿಯುವುದಿಲ್ಲ.

ಈ ಸುದ್ದಿ ಪತ್ರಿಕೆಗಳಲ್ಲಿ ಬಂದು ಊರೆಲ್ಲ ಎರಡು ಪಾಲಾಯಿತು. 1870ರ ನವೆಂಬರ್ 18ರಂದು ಶರೀರ ರಚನಾಶಾಸ್ತ್ರದ ಪರೀಕ್ಷೆ ಇತ್ತು. ಸರ್ಜನ್ಸ್ ಹಾಲ್ ಅನ್ನುವ ಕಟ್ಟಡದ ಮುಂದೆ ಇನ್ನೂರಕ್ಕೂ ಹೆಚ್ಚು ಜನ ಸೇರಿದ್ದರು. ಹೆಣ್ಣುಮಕ್ಕಳು ಬರುತ್ತಿದ್ದಂತೆ ಕೆಸರು ಎರಚಿದರು, ಕೂಗಾಡಿದರು, ಗೇಟನ್ನು ಮುಖದ ಮೇಲೆ ಮುಚ್ಚಿದರು. ಒಳಗಿದ್ದವರು ಹೇಗೋ ಗೇಟು ತೆಗೆದು ಅವರನ್ನು ಕರೆದುಕೊಂಡರು. ಪರೀಕ್ಷೆ ನಡೆಯುವಾಗ ಗಲಾಟೆಯವರು ಒಂದು ಕುರಿಯನ್ನು ಹಾಲಿನೊಳಗೆ ನುಗ್ಗಿಸಿದರು. ಅಲ್ಲಿದ್ದ ಹ್ಯಾಂಡಿಸೈಡ್ ಅನ್ನುವ ಪಾಠ ಹೇಳುವವರು, ಇರಲಿ ಬಿಡಿ, ಇದನ್ನು ಕಳಿಸಿದವರಿಗಿಂತ ಇದಕ್ಕೇ ಬುದ್ಧಿ ಜಾಸ್ತಿ ಅನ್ನುವ ಅರ್ಥದ ಮಾತು ಆಡಿದರಂತೆ. ಕೆಸರು ಮೆತ್ತಿದ ಬಟ್ಟೆಯಲ್ಲೇ ಅವರು ಪರೀಕ್ಷೆ ಬರೆದರು. ಮುಂದಿನ ದಿನಗಳಲ್ಲಿ ಒಂದಷ್ಟು ಐರಿಷ್ ಹುಡುಗರು ಅವರ ಅಕ್ಕಪಕ್ಕ ನಡೆದು ಕಾವಲಾಗಿ ಬಿಡುತ್ತಿದ್ದರು. ಇದನ್ನೂ ಹೇಳಬೇಕು. ಎಲ್ಲಾ ಹುಡುಗರೂ ಕೆಸರು ಎರಚಲಿಲ್ಲ.

ಗಲಾಟೆಯ ಮುಂದಾಳು ಒಬ್ಬ ಪ್ರೊಫೆಸರರ ಸಹಾಯಕ, ಅವನು ಕುಡಿದಿದ್ದ ಅಂತ ಸೋಫಿಯಾ ಬಹಿರಂಗವಾಗಿ ಹೇಳಿಬಿಟ್ಟರು. ಅವನು ಮಾನನಷ್ಟ ಅಂತ ಸಾವಿರ ಪೌಂಡು ಕೇಳಿ ಕೇಸು ಹಾಕಿದ. ಕೋರ್ಟು ಅವನಿಗೆ ಪರಿಹಾರ ಕೊಡಿಸಿತು, ಒಂದು ಫಾರ್ದಿಂಗ್. ಅಂದರೆ ಒಂದು ಪೌಂಡಿನಲ್ಲಿ 960ನೇ ಒಂದು ಪಾಲು. ಅವನ ಮಾನಕ್ಕೆ ಕೋರ್ಟು ಕಟ್ಟಿದ ಬೆಲೆ ಅಷ್ಟೇ. ಆದರೆ ಕೇಸಿನ ಖರ್ಚು ಸೋಫಿಯಾ ತಲೆ ಮೇಲೆ ಬಿತ್ತು. 900 ಪೌಂಡಿಗೂ ಜಾಸ್ತಿ. ಅವರ ಪರ ಇದ್ದ ಜನ ಚಂದಾ ಎತ್ತಿ ಅದನ್ನು ತುಂಬಿದರು.

ಗಲಾಟೆಗಿಂತ ದೊಡ್ಡ ಪೆಟ್ಟು ಬಿದ್ದಿದ್ದು ಸದ್ದಿಲ್ಲದೆ. ಎಡಿನ್‌ಬರೋದ ದೊಡ್ಡ ಆಸ್ಪತ್ರೆಯ ಆಡಳಿತ ಮಂಡಳಿ ಇವರನ್ನು ವಾರ್ಡಿಗೆ ಬಿಡಲಿಲ್ಲ. ಎರಡನೇ ಬಾಗಿಲು ಮುಚ್ಚಿತು. ರೋಗಿಯ ನಾಡಿ ಹಿಡಿಯದೆ ಡಾಕ್ಟರಾಗುವುದು ಹೇಗೆ? ವರ್ಷಗಟ್ಟಲೆ ಹೋರಾಡಿ ಷರತ್ತಿನ ಮೇಲೆ ವಾರ್ಡಿಗೆ ಹೋಗುವಂತಾಯಿತು. ಅಷ್ಟರಲ್ಲಿ ಮೂರನೇ ಬಾಗಿಲು, ಅಂದರೆ ಕೊನೆಯ ಪರೀಕ್ಷೆ. ಡಿಗ್ರಿ ಕೊಡಲು ನಮಗೆ ಆಗುವುದಿಲ್ಲ ಅಂತ ವಿಶ್ವವಿದ್ಯಾಲಯ ಹೇಳಿತು. ಇವರು ಕೋರ್ಟಿಗೆ ಹೋದರು. 1872ರಲ್ಲಿ ನ್ಯಾಯಾಧೀಶರು ಇವರ ಪರ ತೀರ್ಪು ಕೊಟ್ಟರು. ವಿಶ್ವವಿದ್ಯಾಲಯ ಮೇಲ್ಮನವಿ ಹಾಕಿತು. 1873ರಲ್ಲಿ ಸಣ್ಣ ಬಹುಮತದಿಂದ ತೀರ್ಪು ತಿರುಗಿತು. ಆ ತೀರ್ಪಿನ ತಿರುಳು ಇಷ್ಟು. ಹೆಂಗಸರನ್ನು ಸೇರಿಸಿಕೊಳ್ಳುವ ಅಧಿಕಾರ ವಿಶ್ವವಿದ್ಯಾಲಯಕ್ಕೆ 1869ರಲ್ಲೇ ಇರಲಿಲ್ಲ. ಸೇರಿಸಿಕೊಂಡಿದ್ದೇ ತಪ್ಪು, ಹಾಗಾಗಿ ಡಿಗ್ರಿಯ ಪ್ರಶ್ನೆ ಬರುವುದಿಲ್ಲ. ನಾಲ್ಕು ವರ್ಷದ ಓದು, ಫೀಸು, ಕೆಸರು ಎಲ್ಲವನ್ನೂ ಒಂದೇ ಸಾಲಿನಲ್ಲಿ ಅಳಿಸಿದ ಹಾಗಾಯಿತು.

ಅಲ್ಲಿಗೆ ಸೋಫಿಯಾ ದಾರಿ ಬದಲಿಸಿದರು. ಅವರ ಬುದ್ಧಿವಂತಿಕೆ ನನಗೆ ಕಾಣುವುದು ಇಲ್ಲಿ. ಒಬ್ಬೊಬ್ಬ ಪ್ರೊಫೆಸರನ್ನು ಬೇಡುವುದು ಬಿಟ್ಟು, ನಾಲ್ಕು ಬಾಗಿಲಿಗೂ ಬೇರೆ ಬೇರೆ ಕೀಲಿ ಹುಡುಕಿದರು. ಸೀಟಿಗಾಗಿ 1874ರಲ್ಲಿ ಲಂಡನ್ನಿನಲ್ಲಿ ಹೆಣ್ಣುಮಕ್ಕಳದೇ ಒಂದು ಮೆಡಿಕಲ್ ಶಾಲೆ ತೆರೆಯಲು ಮುಂದೆ ನಿಂತರು. ಮೊದಲ ತಂಡದಲ್ಲಿ 14 ಮಂದಿ ಸೇರಿದರು. ಶಾಲೆ ಆಯಿತು, ವಾರ್ಡಿಲ್ಲ, ಲೈಸೆನ್ಸ್ ಇಲ್ಲ. ಅದಕ್ಕೆ ಪಾರ್ಲಿಮೆಂಟಿನ ಕದ ತಟ್ಟಿದರು.

ಈ ನಡುವೆ ಒಂದು ಘಟನೆ ನಡೆಯಿತು. ಸೂಲಗಿತ್ತಿಯರ ನಾಡಿನವರಾದ ನಮಗೆ ಇದನ್ನು ಹೇಳಲೇಬೇಕು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಅನ್ನುವ ಸಂಸ್ಥೆ ಹೆರಿಗೆ ಮಾಡಿಸಲು ಒಂದು ಪ್ರತ್ಯೇಕ ಲೈಸೆನ್ಸ್ ಕೊಡುತ್ತಿತ್ತು. ಸೋಫಿಯಾ, ಎಡಿತ್ ಪೀಚಿ, ಇಸಬೆಲ್ ಥಾರ್ನ್ ಮೂವರೂ ಅದಕ್ಕೆ ಅರ್ಜಿ ಹಾಕಿದರು. ಸಂಸ್ಥೆಯ ವಕೀಲರು, ಕಾನೂನಿನ ಪ್ರಕಾರ ಬೇಡ ಅನ್ನಲು ಬರುವುದಿಲ್ಲ ಅಂದರು. ಆಗ ಆ ಪರೀಕ್ಷಕರು ಅಷ್ಟೂ ಮಂದಿ ಒಟ್ಟಿಗೆ ರಾಜೀನಾಮೆ ಕೊಟ್ಟರು. ಪರೀಕ್ಷಕರೇ ಇಲ್ಲದ ಮೇಲೆ ಪರೀಕ್ಷೆ ಎಲ್ಲಿಯದು? ಇದು 1876ರ ಮಾತು.

ಹೆರಿಗೆ! ಲೋಕದ ಎಲ್ಲಾ ಊರಿನಲ್ಲಿ ಹೆಂಗಸರೇ ಮಾಡಿಕೊಂಡು ಬಂದ ಕೆಲಸ. ಚಿತ್ರದುರ್ಗ ಜಿಲ್ಲೆಗೆ ತಾಗಿಕೊಂಡೇ ಇರುವ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ದುಡ್ಡು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಓದು ಬರಹ ಇಲ್ಲದಿದ್ದರೂ ಅವರ ಕೈಯನ್ನು ಊರೂರು ನಂಬಿತ್ತು. ಹೆಂಗಸಿನ ಕೈಯನ್ನು ಜನ ಯಾವತ್ತೂ ನಂಬಿದ್ದಾರೆ. ಲಂಡನ್ನಿನ ಆ ಪರೀಕ್ಷಕರಿಗೂ ಅದರ ಬಗ್ಗೆ ಅನುಮಾನ ಇದ್ದಿರಲಾರದು. ಅವರು ತಡೆದಿದ್ದು ಆ ಕೈಗೆ ಲೈಸೆನ್ಸ್ ಸಿಗುವುದನ್ನು, ಫೀಸು ಸಿಗುವುದನ್ನು, ತಮ್ಮ ಪಕ್ಕದ ಕುರ್ಚಿ ಸಿಗುವುದನ್ನು. ನನಗೆ ಹಾಗೆಯೇ ಕಾಣುತ್ತದೆ.

ಅದೇ 1876ರಲ್ಲಿ ಕಾಯ್ದೆ ಬಂತು. ರಸೆಲ್ ಗರ್ನಿ ಅನ್ನುವ ಸಂಸದರು ತಂದಿದ್ದು. ಅದರ ಮಾತು ಬಹಳ ಚಿಕ್ಕದು. ಲೈಸೆನ್ಸ್ ಕೊಡುವ ಸಂಸ್ಥೆಗಳು ಹೆಣ್ಣು ಗಂಡು ಅನ್ನದೆ ಯಾರಿಗೆ ಬೇಕಾದರೂ ಲೈಸೆನ್ಸ್ ಕೊಡಬಹುದು. ಗಮನಿಸಿ, 'ಕೊಡಬಹುದು', 'ಕೊಡಲೇಬೇಕು' ಅಂತಲ್ಲ. ಹಾಗಿದ್ದರೆ ಏನು ಪ್ರಯೋಜನ ಅನ್ನಬಹುದು. ಪ್ರಯೋಜನ ಬಹಳ ಇತ್ತು. ಅಲ್ಲಿವರೆಗೆ ಒಳ್ಳೆ ಮನಸ್ಸಿನ ಸಂಸ್ಥೆಯೂ, ನಮಗೆ ಅಧಿಕಾರ ಇಲ್ಲ ಅಂತ ಕೈ ಚೆಲ್ಲಬಹುದಿತ್ತು. ಎಡಿನ್‌ಬರೋ ತೀರ್ಪು ಅವರ ಕೈಗೆ ಆ ನೆಪ ಕೊಟ್ಟಿತ್ತು. ಹೊಸ ಕಾಯ್ದೆ ಆ ನೆಪವನ್ನು ಕಿತ್ತುಕೊಂಡಿತು. 19ರಲ್ಲಿ ಒಂದು ಸಂಸ್ಥೆ ಒಪ್ಪಿದರೆ ಸಾಕು, ಪಟ್ಟಿಯ ಬಾಗಿಲು ತೆರೆದ ಹಾಗೆ. ಐರ್ಲೆಂಡಿನ ವೈದ್ಯರ ಸಂಸ್ಥೆ ಒಪ್ಪಿತು. 1877ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ತನ್ನ ವಾರ್ಡುಗಳಿಗೆ ಈ ಶಾಲೆಯ ಹೆಣ್ಣುಮಕ್ಕಳನ್ನು ಬಿಟ್ಟುಕೊಂಡಿತು. ಅಲ್ಲಿ ಗಂಡು ವಿದ್ಯಾರ್ಥಿಗಳು ಇರಲಿಲ್ಲ, ಹಾಗಾಗಿ ಜಗಳ ತೆಗೆಯುವವರೂ ಇರಲಿಲ್ಲ. ಸೀಟು, ವಾರ್ಡು, ಪರೀಕ್ಷೆ, ಪಟ್ಟಿ. ಕಾಯ್ದೆ ಬಂದ ಒಂದು ವರ್ಷದೊಳಗೆ ನಾಲ್ಕೂ ಬಾಗಿಲು ತೆರೆದಂತಾಯಿತು.

ನಮ್ಮ ಕಡೆ ಹಳಬರು ಲೆಕ್ಕ ಹಾಕುವ ಹಾಗೆ ಹೇಳುವುದಾದರೆ, ಅದು ಧಾತು ಈಶ್ವರದ ಬರದ ಕಾಲ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದ ವರ್ಷಗಳು ಅವು.

ನಮ್ಮ ದೇಶದ ಕಥೆಗೆ ಬರುವ ಮುಂಚೆ ನಮ್ಮ ಅಜ್ಜಿಯ ವಿಷಯ ಹೇಳುತ್ತೇನೆ. ಜಗಳೂರು ಕಡೆಯ ಹಳ್ಳಿ. ಅಜ್ಜಿಗೆ ವರ್ಷಗಟ್ಟಲೆ ಬಿಳಿ ಸೆರಗಿನ ತೊಂದರೆ ಇತ್ತು. ಸೊಂಟ ನೋವು, ಸುಸ್ತು. ತಾಲ್ಲೂಕಿನ ಆಸ್ಪತ್ರೆಗೆ ಕರೆದರೆ, "ಅಲ್ಲಿ ಗಂಡ್ ಡಾಕ್ಟ್ರು, ನಾ ಬರಲ್ಲ" ಅನ್ನೋರು. ಒಮ್ಮೆ ಬಲವಂತ ಮಾಡಿ ಕರೆದುಕೊಂಡು ಹೋದಾಗ ಡಾಕ್ಟರ ಮುಂದೆ ತಲೆ ನೋವು ಅಂದು ನಾಲ್ಕು ಗುಳಿಗೆ ತಗೊಂಡು ಬಂದರು. ದಾವಣಗೆರೆಯಲ್ಲಿ ಒಬ್ಬ ಡಾಕ್ಟ್ರಮ್ಮನ ಹತ್ತಿರ ಕೂರಿಸಿದ ದಿನ, ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿದರು. ಹೊರಗೆ ಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕಾಯಿಲೆಗಿಂತ ಹೇಳಿಕೊಳ್ಳಲಾಗದ ಭಾರವೇ ಹೆಚ್ಚಿತ್ತು ಅನ್ನಿಸುತ್ತದೆ. ಈಗಲೂ ನಮ್ಮೂರ ಆಸ್ಪತ್ರೆಗಳ ಕೌಂಟರಿನಲ್ಲಿ, "ಲೇಡಿ ಡಾಕ್ಟ್ರು ಇದಾರಾ?" ಅಂತ ಕೇಳುವ ದನಿ ಕೇಳುತ್ತಿರುತ್ತದೆ. ಆ ಪ್ರಶ್ನೆಯ ಹಿಂದೆ ಎಷ್ಟು ತಲೆಮಾರಿನ ಹೆಂಗಸರು ಬಾಯಿ ಮುಚ್ಚಿಕೊಂಡು ನರಳಿದ್ದಾರೋ.

ಮದ್ರಾಸಿನಲ್ಲಿ ಇದನ್ನೇ ಕಣ್ಣಾರೆ ಕಂಡವರು ಮೇರಿ ಶಾರ್ಲೀಬ್. ಇಂಗ್ಲೆಂಡಿನಿಂದ ಬಂದು ಗಂಡನ ಜೊತೆ ಅಲ್ಲಿದ್ದರು. ಗಂಡು ಡಾಕ್ಟರಿಗೆ ತೋರಿಸಲಾಗದೆ ಹೆಂಗಸರು ಹೆರಿಗೆಯಲ್ಲಿ ಸಾಯುವುದನ್ನು ಕೇಳಿ, ನೋಡಿ, 1875ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದರು. ಅವರ ಜೊತೆ ಇನ್ನೂ ಮೂವರು ಮಹಿಳೆಯರು. ವರ್ಷ ಗಮನಿಸಿ. ಬ್ರಿಟನ್ನಿನ ಕಾಯ್ದೆ ಬರುವುದಕ್ಕೆ ಒಂದು ವರ್ಷ ಮೊದಲು. ಎಡಿನ್‌ಬರೋ ಮುಚ್ಚಿದ ಬಾಗಿಲನ್ನು ಮದ್ರಾಸು ಆಗಲೇ ತೆರೆದಿತ್ತು. ಶಾರ್ಲೀಬ್ ಆಮೇಲೆ ಲಂಡನ್ನಿಗೆ ಹೋಗಿ, ಸೋಫಿಯಾ ಕಟ್ಟಿಸಿದ ಶಾಲೆಯಲ್ಲೇ ಓದು ಮುಂದುವರಿಸಿದರು.

ಎಡಿತ್ ಪೀಚಿ, ವಿದ್ಯಾರ್ಥಿವೇತನ ಕೈತಪ್ಪಿದ ಆ ಹುಡುಗಿ, 1883ರಲ್ಲಿ ಬೊಂಬಾಯಿಗೆ ಬಂದರು. ಪಾರ್ಸಿ ದಾನಿಯೊಬ್ಬರು ಕೊಟ್ಟ ದುಡ್ಡಿನಿಂದ ಹೆಂಗಸರಿಗೇ ಅಂತ ಕಟ್ಟಿದ ಕಾಮಾ ಆಸ್ಪತ್ರೆಯ ಹೊಣೆ ಹೊತ್ತರು. ರೋಗಿಗಳೂ ಹೆಂಗಸರು, ನೋಡುವವರೂ ಹೆಂಗಸರು. ಬಾಲ್ಯವಿವಾಹದ ವಿರುದ್ಧ ಮಾತಾಡಿದರು. ಆಗ ಬೊಂಬಾಯಿಯಲ್ಲಿ ಒಂದು ಕೇಸು ನಡೆಯುತ್ತಿತ್ತು. 11ನೇ ವಯಸ್ಸಿಗೆ ಮದುವೆಯಾಗಿದ್ದ ರುಖ್ಮಾಬಾಯಿ, ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲ್ಲ ಅಂದಿದ್ದರು. ಗಂಡ 1884ರಲ್ಲಿ ಕೋರ್ಟಿಗೆ ಹೋದ. ಮೊದಲ ತೀರ್ಪು ಅವರ ಪರ ಬಂತು, 1887ರಲ್ಲಿ ಎದುರಾಯಿತು. ಗಂಡನ ಮನೆಗೆ ಹೋಗು, ಇಲ್ಲ ಆರು ತಿಂಗಳು ಜೈಲಿಗೆ ಹೋಗು ಅಂದರು. ರುಖ್ಮಾಬಾಯಿ ಜೈಲೇ ಆಗಲಿ ಅಂದರು. ಕೊನೆಗೆ 1888ರಲ್ಲಿ ಗಂಡ 2,000 ರೂಪಾಯಿ ತಗೊಂಡು ಕೇಸು ಬಿಟ್ಟ. ಅವರಿಗೆ ಬೆಂಬಲ ನಿಂತವರಲ್ಲಿ ಎಡಿತ್ ಪೀಚಿ ಒಬ್ಬರು. 1889ರಲ್ಲಿ ರುಖ್ಮಾಬಾಯಿ ಲಂಡನ್ನಿನ ಅದೇ ಮಹಿಳಾ ಮೆಡಿಕಲ್ ಶಾಲೆಗೆ ಸೇರಿದರು. ಡಾಕ್ಟರಾಗಿ ವಾಪಸ್ ಬಂದು ಸೂರತ್, ರಾಜಕೋಟೆಗಳಲ್ಲಿ ದಶಕಗಟ್ಟಲೆ ಕೆಲಸ ಮಾಡಿದರು.

ಆನಂದಿಬಾಯಿ ಜೋಶಿಯವರ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತು. 1886ರಲ್ಲಿ ಅಮೆರಿಕದಲ್ಲಿ ಪಾಸಾಗಿ, ಮರುವರ್ಷವೇ 21ನೇ ವಯಸ್ಸಿಗೆ ತೀರಿಕೊಂಡರು. ಅದೇ 1886ರಲ್ಲಿ ಕಲ್ಕತ್ತೆಯಲ್ಲಿ ಓದು ಮುಗಿಸಿದ ಕಾದಂಬಿನಿ ಗಂಗೂಲಿ, ಮಕ್ಕಳ ತಾಯಿಯಾದ ಮೇಲೂ ಹೆಚ್ಚಿನ ಅರ್ಹತೆಗಾಗಿ ಸ್ಕಾಟ್ಲೆಂಡಿಗೆ ಹೋದರು. 1893ರಲ್ಲಿ ಎಡಿನ್‌ಬರೋ ಮತ್ತು ಗ್ಲಾಸ್ಗೋ ಸಂಸ್ಥೆಗಳ ಲೈಸೆನ್ಸ್ ಪಡೆದರು. ಯಾವ ಊರಿನಲ್ಲಿ ಕೆಸರು ಎರಚಿದ್ದರೋ ಅದೇ ಊರು. ಅಲ್ಲಿನ ಲೈಸೆನ್ಸ್ ಸಂಸ್ಥೆಗಳು 1886ರಲ್ಲಿ ಹೆಂಗಸರಿಗೆ ಪರೀಕ್ಷೆ ಬರೆಯಲು ಬಿಟ್ಟಿದ್ದವು.

ಅಷ್ಟರಲ್ಲಿ ಸೋಫಿಯಾ ಎಡಿನ್‌ಬರೋಗೆ ವಾಪಸ್ ಬಂದಿದ್ದರು. 1877ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ಎಂಡಿ, ಅದೇ ವರ್ಷ ಐರಿಷ್ ಲೈಸೆನ್ಸ್. 1878ರಲ್ಲಿ ಎಡಿನ್‌ಬರೋದ ಮೊದಲ ಮಹಿಳಾ ಡಾಕ್ಟರಾಗಿ ಬೋರ್ಡು ಹಾಕಿದರು. ಬಡ ಹೆಂಗಸರಿಗಾಗಿ ಒಂದು ಔಷಧಾಲಯ ತೆರೆದರು, ಅದು ಬೆಳೆದು ಆಸ್ಪತ್ರೆಯಾಯಿತು. 1886ರಲ್ಲಿ ಅಲ್ಲೂ ಹೆಣ್ಣುಮಕ್ಕಳ ಮೆಡಿಕಲ್ ಶಾಲೆ ಕಟ್ಟಿದರು. ತೆಲುಗು ಸೀಮೆಯ ಆನಿ ಜಗನ್ನಾಥಂ ಮದ್ರಾಸಿನಲ್ಲಿ ಓದು ಶುರು ಮಾಡಿ, ಸೋಫಿಯಾ ಅವರ ಈ ಶಾಲೆಗೆ ಹೋಗಿ, 1890ರಲ್ಲಿ ಪಾಸಾದರು. ಬಂದು ಬೊಂಬಾಯಿಯ ಕಾಮಾ ಆಸ್ಪತ್ರೆ ಸೇರಿದರು. 1894ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿ, ತೀರಿಕೊಂಡರು.

ಸೋಫಿಯಾ ಅವರನ್ನು ದೇವರ ಪಟದ ಹಾಗೆ ಗೋಡೆಗೆ ನೇತುಹಾಕಲು ನನಗೆ ಇಷ್ಟವಿಲ್ಲ. ಅವರಿಗೆ ಸಿಟ್ಟು ಜಾಸ್ತಿ, ಹಟ ಜಾಸ್ತಿ. ಲಂಡನ್ ಶಾಲೆಯ ಕಾರ್ಯದರ್ಶಿ ಹುದ್ದೆ ತನಗೇ ಸಿಗುತ್ತದೆ ಅಂದುಕೊಂಡಿದ್ದರು, ಜೊತೆಯವರು ಇಸಬೆಲ್ ಥಾರ್ನ್ ಅವರನ್ನು ಆರಿಸಿದರು. ಥಾರ್ನ್ ಶಾಲೆ ನಡೆಸುವುದಕ್ಕೋಸ್ಕರ ತಾವು ಡಾಕ್ಟರಾಗುವ ಆಸೆಯನ್ನೇ ಬಿಟ್ಟರು. ಅಂಥವರ ಹೆಸರು ಎಲ್ಲೂ ದೊಡ್ಡದಾಗಿ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಎಡಿನ್‌ಬರೋ ಶಾಲೆಯಲ್ಲಿ ಸೋಫಿಯಾ ಶಿಸ್ತಿನ ವಿಷಯಕ್ಕೆ ಇಬ್ಬರು ಅಕ್ಕತಂಗಿಯರನ್ನು ಹೊರಹಾಕಿದರು. ಅವರು ಕೋರ್ಟಿಗೆ ಹೋಗಿ ಗೆದ್ದರು. ವಿದ್ಯಾರ್ಥಿನಿ ಎಲ್ಸಿ ಇಂಗ್ಲಿಸ್ ಆ ಶಾಲೆ ಬಿಟ್ಟು ಎದುರಿಗೆ ಇನ್ನೊಂದು ಶಾಲೆಯನ್ನೇ ಕಟ್ಟಿದರು. ಬಾಗಿಲು ಒಡೆಯಲು ಬೇಕಾದ ಗಟ್ಟಿತನ ಮನೆ ನಡೆಸಲು ಸಲ್ಲಲಿಲ್ಲ. ಸೋಫಿಯಾ ಶಾಲೆ 1898ರಲ್ಲಿ ಮುಚ್ಚಿತು. ಅಷ್ಟೊತ್ತಿಗೆ ಅದರ ಅಗತ್ಯವೂ ಕಡಿಮೆಯಾಗಿತ್ತು. 1894ರಿಂದ ಎಡಿನ್‌ಬರೋ ವಿಶ್ವವಿದ್ಯಾಲಯವೇ ಹೆಣ್ಣುಮಕ್ಕಳಿಗೆ ಡಿಗ್ರಿ ಕೊಡಲು ಶುರು ಮಾಡಿತ್ತು.

ಏಳ್ವರಲ್ಲಿ ಐವರು ಕೊನೆಗೂ ಡಾಕ್ಟರಾದರು, ಬರ್ನ್, ಪ್ಯಾರಿಸ್, ಡಬ್ಲಿನ್ ಅಂತ ಬೇರೆ ಬೇರೆ ಊರಿನ ಕಾಗದ ಹಿಡಿದು. ಎಡಿನ್‌ಬರೋ ವಿಶ್ವವಿದ್ಯಾಲಯ ಆ ಏಳು ಮಂದಿಗೂ ಮರಣೋತ್ತರವಾಗಿ ವೈದ್ಯ ಪದವಿ ಕೊಟ್ಟಿತು. ಅದು 2019ರ ಜುಲೈ ತಿಂಗಳು. ಅವರು ಸೇರಿ 150 ವರ್ಷ ಆಗಿತ್ತು. ಈಗ ಅಲ್ಲಿ ಓದುತ್ತಿರುವ ಹೆಣ್ಣುಮಕ್ಕಳು ಅವರ ಪರವಾಗಿ ಪದವಿ ಪತ್ರ ತಗೊಂಡರು.

ಹೊಸ ಚೀಟಿಗಳ ಬಂಡಲ್ ಬಂದ ದಿನ ಇದನ್ನೆಲ್ಲ ನನ್ನ ಅಕ್ಕನ ಮಗಳಿಗೆ ಹೇಳಿದೆ. ಈ ಸಲ ಪ್ರೆಸ್ಸಿನವರು ನಂಬರನ್ನು ಬಲಗಡೆ ಮೇಲೆ, ಹೆಸರಿನ ಕೆಳಗೇ ಹಾಕಿದ್ದರು. ಅವಳು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಸರ್ಟಿಫಿಕೇಟಿನ ಜೊತೆ ತಾಳೆ ನೋಡುತ್ತಿದ್ದಳು. "ಡಿಗ್ರಿ 2019ರಲ್ಲಿ ಕೊಟ್ರು ಅಂದ್ರಲ್ಲ, ಸೋಫಿಯಾ ಅವರಿಗೆ ನಂಬರ್ ಯಾವಾಗ ಸಿಕ್ತು ಚಿಕ್ಕಮ್ಮ?" ಅಂತ ಕೇಳಿದಳು.

"ಲೈಸೆನ್ಸ್ ಸಿಕ್ಕಿದ್ದು 1877ರಲ್ಲಿ" ಅಂದೆ. "ಪಟ್ಟಿಗೆ ಹೆಸರೂ ಆಗಲೇ ಬಂತು."

"ಹಾಗಾದ್ರೆ ಅವ್ರು 142 ವರ್ಷ ಕಾಯ್ಲಿಲ್ಲ ಬಿಡಿ" ಅಂದಳು. ಇನ್ನೊಂದು ಚೀಟಿ ತೆಗೆದು ಅದರ ನಂಬರ್ ಓದತೊಡಗಿದಳು.